ರಾತ್ರಿ ನಾಲ್ಕು ಸಲ ಏಳುವ ಅಮ್ಮ

"ನಮ್ಮತ್ತೆ ಮಂಕಾಗಿದ್ದಾರೆ ಮೇಡಂ. ಸರಿಯಾಗಿ ಮಾತಾಡಲ್ಲ. ಕೂತಲ್ಲೇ ತೂಕಡಿಸ್ತಾರೆ. ಮನಸ್ಸಿಗೆ ಏನೋ ಆಗಿದೆ ಅನ್ಸುತ್ತೆ" ಎಂದು ಸೊಸೆ ಅವರನ್ನು ಕರೆದುಕೊಂಡು ಬಂದಿದ್ದರು. ಅತ್ತೆಗೆ 63 ವರ್ಷ. ಹಾಸನ ಕಡೆಯ ಒಂದು ಸಣ್ಣ ಊರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಇಲ್ಲಿ ಅವರನ್ನು ಅಮ್ಮ ಎಂದೇ ಕರೆಯುತ್ತೇನೆ.

ಸೊಸೆಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಹೇಳಿದೆ. ಅಮ್ಮನಿಗೆ ನೀರು ಕೊಟ್ಟರೆ ಬೇಡ ಎಂದರು. ಆಗ ಸಂಜೆ ನಾಲ್ಕು ದಾಟಿತ್ತು. ಅದರ ಅರ್ಥ ನನಗೆ ಆಮೇಲೆ ತಿಳಿಯಿತು.

ನಾನೂ ಮೊದಲು ಖಿನ್ನತೆ ಇರಬಹುದು ಎಂದುಕೊಂಡೆ. ಯಜಮಾನರು ತೀರಿಕೊಂಡು ಎರಡು ವರ್ಷವಾಗಿತ್ತು. ಮೈಸೂರಿನಲ್ಲಿರುವ ಮಗಳ ಮನೆಗೆ ಹೋಗುವುದನ್ನೂ ಬಿಟ್ಟಿದ್ದರು. ನಿದ್ದೆ ಹೇಗಿದೆ ಎಂದು ಕೇಳಿದೆ. ಸುಮಾರು ಹೊತ್ತು ಸೆರಗಿನ ತುದಿ ಸುತ್ತುತ್ತಾ ಕೂತಿದ್ದರು. ಆಮೇಲೆ ದನಿ ತಗ್ಗಿಸಿ, "ನಿದ್ದೆ ಎಲ್ಲಿಂದ ಬರಬೇಕಮ್ಮಾ? ರಾತ್ರಿ ನಾಲ್ಕು ಸಲ ಒಂದಕ್ಕೆ ಏಳ್ತೀನಿ" ಎಂದರು.

ಆಮೇಲೆ ಒಂದೊಂದೇ ಹೊರಗೆ ಬಂತು. ಅವರ ಮನೆಯ ಬಚ್ಚಲು, ಕಕ್ಕಸು ಎರಡೂ ಹಿತ್ತಲಲ್ಲಿವೆ. ನಡುಮನೆ ದಾಟಿ, ಹಿಂಬಾಗಿಲ ಚಿಲಕ ತೆಗೆದು ಹೋಗಬೇಕು. ನಡುಮನೆಯಲ್ಲೇ ಮೊಮ್ಮಗ ಮಲಗುತ್ತಾನೆ. ಅವನಿಗೆ ಈ ಸಲ ಎಸ್ಸೆಸ್ಸೆಲ್ಸಿ. ಒಮ್ಮೆ ಚಿಲಕದ ಸದ್ದಿಗೆ ಅವನು ಎದ್ದು ಗೊಣಗಿದನಂತೆ. ಅವತ್ತಿನಿಂದ ದೀಪ ಹಾಕದೆ, ಗೋಡೆ ತಡವಿಕೊಂಡು ಹೋಗುತ್ತಿದ್ದರು. ಮಗಳ ಮನೆಯಲ್ಲೂ ಅಳಿಯನ ಎದುರು ರಾತ್ರಿಯೆಲ್ಲ ಓಡಾಡುವುದಕ್ಕೆ ನಾಚಿಕೆ. ಅದಕ್ಕೇ ಅಲ್ಲಿಗೆ ಹೋಗುತ್ತಿರಲಿಲ್ಲ.

ಸಂಜೆ ನಾಲ್ಕರ ಮೇಲೆ ತೊಟ್ಟು ನೀರು ಮುಟ್ಟುತ್ತಿರಲಿಲ್ಲ. ಅಷ್ಟೇ ಆಗಿದ್ದರೆ ನಾನು ಅಷ್ಟು ಗಾಬರಿಯಾಗುತ್ತಿರಲಿಲ್ಲ. "ಬಿಪಿ ಮಾತ್ರೇಲಿ ನೀರು ಇಳಿಸೋ ಔಷಧಿ ಇರುತ್ತೆ ಅಂತ ಪಕ್ಕದ ಮನೆಯವರು ಹೇಳಿದ್ರು. ಎರಡು ತಿಂಗಳಾಯ್ತು ಬಿಟ್ಟು. ಸೊಸೆಗೆ ಹೇಳಬೇಡಿ" ಎಂದರು.

ನನ್ನ ಕೋಣೆಯಲ್ಲಿ ಹೇಳಿದ್ದು ಅಲ್ಲೇ ಉಳಿಯುತ್ತದೆ ಎಂದು ಮಾತು ಕೊಟ್ಟೆ. ಆದರೆ ಬಿಪಿಯನ್ನು ಮಾತ್ರ ಇವತ್ತೇ ನೋಡಿಸಬೇಕು ಎಂದೆ. ಬಿಪಿ ಏರಿದ್ದು ನಮಗೆ ಗೊತ್ತೇ ಆಗುವುದಿಲ್ಲ. ಪಾರ್ಶ್ವವಾಯು ಹೊಡೆದ ಮೇಲೆ ಗೊತ್ತಾಗಿ ಏನು ಪ್ರಯೋಜನ? ಅವರು ಒಪ್ಪಿದರು. ಅದೇ ಸಂಜೆ ನೋಡಿಸಿದಾಗ ಬಿಪಿ ಜಾಸ್ತಿಯೇ ಇತ್ತು. ಡಾಕ್ಟರ್ ಮಾತ್ರೆ ಮತ್ತೆ ಶುರು ಮಾಡಿದರು. ಅದರಲ್ಲಿ ಮೂತ್ರ ಹೆಚ್ಚಿಸುವ ಔಷಧಿ ಇದ್ದದ್ದು ನಿಜ. ಅಮ್ಮ ಅದನ್ನು ರಾತ್ರಿ ಊಟದ ಮೇಲೆ ನುಂಗುತ್ತಿದ್ದರು. ಡಾಕ್ಟರ್ ಅದನ್ನು ಬೆಳಿಗ್ಗೆಗೆ ಬದಲಾಯಿಸಿದರು. ಒಂದು ಮಾತು ಕೇಳಿದ್ದರೆ ಎರಡು ತಿಂಗಳ ಅಪಾಯ ತಪ್ಪುತ್ತಿತ್ತು. ಮಾತ್ರೆಯಿಂದ ತೊಂದರೆ ಅನಿಸಿದರೆ ದಯವಿಟ್ಟು ಡಾಕ್ಟರ್ ಹತ್ತಿರ ಬಾಯಿಬಿಟ್ಟು ಹೇಳಿ. ನೀವೇ ನಿಲ್ಲಿಸಬೇಡಿ, ನೀವೇ ಹೊತ್ತೂ ಬದಲಿಸಬೇಡಿ.

ನಾನು ಕೊಟ್ಟ ಕೆಲಸ ಇನ್ನೊಂದಿತ್ತು. ಒಂದು ನೋಟ್‌ಬುಕ್, ಒಂದು ಅಳತೆಯ ಪ್ಲಾಸ್ಟಿಕ್ ಜಗ್. ಮೂರು ದಿನ, ಹಗಲೂ ರಾತ್ರಿ, ಎಷ್ಟು ಗಂಟೆಗೆ ಹೋದರು, ಎಷ್ಟು ಹೋಯಿತು, ಏನು ಕುಡಿದರು ಎಂದು ಬರೆಯಬೇಕು. ಅಮ್ಮನಿಗೆ ಅಸಹ್ಯವಾಯಿತು. "ಇದನ್ನೆಲ್ಲ ಅಳೆಯೋದಾ?" ಎಂದರು. ಜ್ವರ ಬಂದರೆ ಥರ್ಮಾಮೀಟರ್ ಇಡಲ್ವಾ, ಹಾಗೇ ಇದು ಎಂದೆ. ಎಷ್ಟು ಸಲ ಎನ್ನುವುದು ಅರ್ಧ ಸುದ್ದಿ ಅಷ್ಟೇ. ಎಷ್ಟು ಹೋಗುತ್ತದೆ ಎನ್ನುವುದು ಉಳಿದರ್ಧ.

ಹತ್ತು ದಿನ ಬಿಟ್ಟು ಬಂದರು. ಮಾತ್ರೆಯನ್ನು ಬೆಳಿಗ್ಗೆಗೆ ಬದಲಾಯಿಸಿದ ಮೇಲೂ ಮೂರು, ನಾಲ್ಕು ಸಲ ಏಳುವುದು ತಪ್ಪಿರಲಿಲ್ಲ. ನೋಟ್‌ಬುಕ್ ನೋಡಿದೆ. ಹಗಲು ಎಲ್ಲ ಸೇರಿ ಸುಮಾರು 700 ಮಿಲಿ. ಮಲಗಿದ ಮೇಲಿನದ್ದು ಮತ್ತು ಬೆಳಿಗ್ಗೆ ಎದ್ದ ಕೂಡಲೇ ಹೋದದ್ದು ಸೇರಿ 800 ಮಿಲಿ. ದೇಹ ರಾತ್ರಿ ಮೂತ್ರವನ್ನು ಕಡಿಮೆ ಮಾಡಬೇಕು. ಅದಕ್ಕೆಂದೇ ಒಂದು ಹಾರ್ಮೋನು ಇದೆ. ವಯಸ್ಸಾದಂತೆ ಅದರ ಕೆಲಸ ತಗ್ಗುತ್ತದೆ. ಹಾಗಾಗಿ 60 ದಾಟಿದವರು ಒಂದು ಸಲ ಏಳುವುದು ಸಾಮಾನ್ಯ. ಆದರೆ ಆ ವಯಸ್ಸಿನಲ್ಲೂ ದಿನದ ಒಟ್ಟು ಮೂತ್ರದಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ರಾತ್ರಿಯೇ ಹೋಗುತ್ತಿದ್ದರೆ, ಅದಕ್ಕೆ ಕಾರಣ ಹುಡುಕಲೇಬೇಕು. ಅಮ್ಮನಿಗೆ ಅರ್ಧಕ್ಕಿಂತ ಹೆಚ್ಚು ರಾತ್ರಿ ಹೋಗುತ್ತಿತ್ತು.

ಪ್ರತಿ ಸಲವೂ ಸ್ವಲ್ಪ ಸ್ವಲ್ಪವೇ ಹೋಗುತ್ತಿದ್ದರೆ ಮೂತ್ರಕೋಶದ ತೊಂದರೆಯೋ, ಸೋಂಕೋ ಎಂದು ಅನುಮಾನಿಸಬಹುದಿತ್ತು. ಹಗಲೂ ರಾತ್ರಿಯೂ ಬಹಳ ಹೋಗಿ, ಬಾಯಾರಿಕೆಯೂ ಇದ್ದರೆ ಮೊದಲು ಶುಗರ್ ನೋಡಿಸಬೇಕು. ರಾತ್ರಿ ಮಾತ್ರ ಜಾಸ್ತಿ ಹೋಗುತ್ತದೆ ಎಂದರೆ ಹೃದಯ, ಮೂತ್ರಪಿಂಡ, ಕಾಲಿನ ಬಾವು, ಉಸಿರು, ಮಾತ್ರೆಗಳು ಇವನ್ನೆಲ್ಲ ನೋಡಬೇಕಾಗುತ್ತದೆ. ನಾನು ಡಾಕ್ಟರ್ ಅಲ್ಲ. ಕಾಯಿಲೆಗೆ ಹೆಸರಿಡುವುದು ನನ್ನ ಕೆಲಸವಲ್ಲ. ಆದರೆ ನೋಟ್‌ಬುಕ್ ಸಮೇತ ಡಾಕ್ಟರ್ ಹತ್ತಿರ ಕಳಿಸುವುದು ನನ್ನ ಕೆಲಸ.

ಅವತ್ತೇ ಅಮ್ಮನ ಒಪ್ಪಿಗೆ ಕೇಳಿ ಸೊಸೆಯನ್ನೂ ಒಳಗೆ ಕರೆದೆ. ಮಾತ್ರೆ ಬಿಟ್ಟ ವಿಷಯವನ್ನು ಅಮ್ಮ ತಾವೇ ಹೇಳಿದರು. ಸೊಸೆಯ ಕಣ್ಣಲ್ಲಿ ನೀರು ಬಂತು. "ನನ್ನ ಮೇಲೆ ಕೋಪ ಅಂದ್ಕೊಂಡಿದ್ದೆ ಅತ್ತೆ. ಕತ್ತಲಲ್ಲಿ ಬಿದ್ದಿದ್ರೆ ಏನು ಮಾಡ್ತಿದ್ರಿ?" ಎಂದರು. ಅಮ್ಮ ಏನೂ ಹೇಳಲಿಲ್ಲ. ಸೊಸೆಯ ಕೈ ಹಿಡಿದುಕೊಂಡರು.

ರಾತ್ರಿ ಗೊರಕೆ ಇದೆಯಾ ಎಂದು ಕೇಳಿದೆ. ಅಮ್ಮ ಇಲ್ಲ ಎಂದರು. ಸೊಸೆ ನಕ್ಕು ಮಗನ ಮಾತು ಹೇಳಿದರು. "ಅಜ್ಜಿ ಗೊರಕೆ ಜೋರಾಗಿ ಬಂದು ಟಕ್ ಅಂತ ನಿಂತೋಗುತ್ತೆ. ಆಮೇಲೆ ಗಕ್ ಅಂತ ಮತ್ತೆ ಶುರುವಾಗುತ್ತೆ" ಎನ್ನುತ್ತಾನಂತೆ. ಬಾಗಿಲ ಆಚೆ ಮಲಗುವ ಆ ಹುಡುಗನಿಗೆ ಎಲ್ಲ ಕೇಳಿಸುತ್ತಿತ್ತು. ಇದನ್ನೂ ನೋಟ್‌ಬುಕ್ಕಿನಲ್ಲಿ ಬರೆಸಿದೆ.

ಡಾಕ್ಟರ್ ಶುಗರ್, ಮೂತ್ರ, ಮೂತ್ರಪಿಂಡದ ಪರೀಕ್ಷೆ, ಇಸಿಜಿ, ಎಕೋ ಮಾಡಿಸಿದರು. ಅವೆಲ್ಲ ಸರಿ ಇದ್ದವು. ಮೊಣಕಾಲಿನ ಕೆಳಗೆ ಬೆರಳಿಂದ ಒತ್ತಿದರೆ ಗುಳಿ ಬೀಳುತ್ತಿತ್ತು. ನಿದ್ದೆಯ ಪರೀಕ್ಷೆಯಲ್ಲಿ ಸ್ಲೀಪ್ ಆಪ್ನಿಯಾ ಇರುವುದು ಗೊತ್ತಾಯಿತು. ಮಲಗಿದಾಗ ಗಂಟಲಿನ ದಾರಿ ಮತ್ತೆ ಮತ್ತೆ ಮುಚ್ಚಿಕೊಂಡು ಉಸಿರು ನಿಲ್ಲುವ ತೊಂದರೆ ಇದು.

ಉಸಿರಿಗೂ ಮೂತ್ರಕ್ಕೂ ಏನು ಸಂಬಂಧ ಎಂದು ಅಮ್ಮ ಕೇಳಿದರು. ಗಂಟಲು ಮುಚ್ಚಿದಾಗ ಎದೆ ಗಾಳಿಗಾಗಿ ಬಲವಾಗಿ ಎಳೆಯುತ್ತದೆ. ಆ ಎಳೆತಕ್ಕೆ ಹೃದಯದ ಮೇಲಿನ ಕೋಣೆ ಹಿಗ್ಗುತ್ತದೆ. ರಕ್ತದಲ್ಲಿ ನೀರು ಜಾಸ್ತಿಯಾಗಿದೆ ಎಂದು ಹೃದಯ ತಪ್ಪು ತಿಳಿದು ಒಂದು ಹಾರ್ಮೋನು ಬಿಡುತ್ತದೆ. ಉಪ್ಪನ್ನೂ ನೀರನ್ನೂ ಹೊರಹಾಕು ಎಂದು ಅದು ಮೂತ್ರಪಿಂಡಕ್ಕೆ ಹೇಳುತ್ತದೆ. ಎಷ್ಟೋ ಸಲ ಎಚ್ಚರ ಮಾಡಿಸುವುದು ನಿಂತ ಉಸಿರು. ಎದ್ದ ಮೇಲೆ ಮೂತ್ರದ ನೆನಪಾಗುತ್ತದೆ. ನಮಗೆ ಮಾತ್ರ ಮೂತ್ರಕ್ಕೇ ಎಚ್ಚರವಾಯಿತು ಅನಿಸುತ್ತದೆ. ಇದರ ಜೊತೆಗೆ, ದಿನವಿಡೀ ನಿಂತು ಕೆಲಸ ಮಾಡಿದಾಗ ಕಾಲಿಗೆ ಇಳಿದ ನೀರು, ಮಲಗಿದ ಮೇಲೆ ರಕ್ತಕ್ಕೆ ವಾಪಸ್ ಬರುತ್ತದೆ. ಅಮ್ಮನಿಗೆ ಎರಡೂ ಸೇರಿತ್ತು.

ಉಸಿರಿಗೆ ಡಾಕ್ಟರ್ ಮಾಸ್ಕಿನ ಯಂತ್ರ ಬರೆದುಕೊಟ್ಟರು, ತೂಕ ಇಳಿಸಲೂ ಹೇಳಿದರು. ಮನೆಯಲ್ಲಿ ಮಾಡಬೇಕಾದ್ದನ್ನು ಡಾಕ್ಟರನ್ನು ಕೇಳಿಕೊಂಡೇ ನಾವು ಮೂವರೂ ಕೂತು ಗೊತ್ತು ಮಾಡಿದೆವು. ಬೆಳಿಗ್ಗೆಯಿಂದ ಸಂಜೆವರೆಗೆ ಚೆನ್ನಾಗಿ ನೀರು ಕುಡಿಯಬೇಕು. ಮಲಗುವ ಎರಡು ಮೂರು ಗಂಟೆ ಮೊದಲಿನಿಂದ ಕಡಿಮೆ ಮಾಡಿದರೆ ಸಾಕು, ಬಾಯಿ ಒಣಗಿದರೆ ಒಂದು ಗುಟುಕಿಗೆ ಅಡ್ಡಿಯಿಲ್ಲ. ಸಂಜೆಯ ಎರಡನೇ ಕಾಫಿ ಬೇಡ. ಮಧ್ಯಾಹ್ನ ಒಂದು ಗಂಟೆ ಹೊತ್ತು ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟು ಮಲಗಬೇಕು. ಆಗ ಕಾಲಿನ ನೀರು ಹಗಲೇ ಹೊರಟುಹೋಗುತ್ತದೆ. ಉಪ್ಪಿನ ವಿಷಯಕ್ಕೆ ಸ್ವಲ್ಪ ಜಗಳವೇ ಆಯಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ. ಅಂದರೆ ಒಂದು ಟೀ ಚಮಚದಷ್ಟೂ ಇಲ್ಲ. ಅಮ್ಮನಿಗೆ ಮುದ್ದೆಗೆ ಉಪ್ಸಾರು, ಅನ್ನಕ್ಕೆ ಉಪ್ಪಿನಕಾಯಿ ಇರಲೇಬೇಕು. ಕೊನೆಗೆ ಉಪ್ಪಿನಕಾಯಿ, ಹಪ್ಪಳ ಎರಡನ್ನೂ ರಾತ್ರಿ ಊಟದಿಂದ ತೆಗೆಯಲು ಒಪ್ಪಿದರು.

ಹಿತ್ತಲಿಗೆ ಹೋಗುವ ದಾರಿಯಲ್ಲಿ ಮಗ ಒಂದು ಸಣ್ಣ ದೀಪ ಹಾಕಿಸಿದರು. ಚಿಲಕಕ್ಕೆ ಎಣ್ಣೆ ಬಿಟ್ಟರು. ಮಳೆಗಾಲದ ರಾತ್ರಿಗಳಿಗೆ ಅಮ್ಮನ ಕೋಣೆಯಲ್ಲೇ ಕಮೋಡ್ ಕುರ್ಚಿ ಇಡೋಣ ಎಂದೆ. ಅಮ್ಮ ಎರಡು ವಾರ ಒಪ್ಪಲಿಲ್ಲ. ಬಿದ್ದು ಸೊಂಟದ ಮೂಳೆ ಮುರಿದುಕೊಂಡ ಎಷ್ಟೋ ಹಿರಿಯರನ್ನು ನಾನು ನೋಡಿದ್ದೇನೆ. ಹಾಗಾಗಿ ಇದೊಂದನ್ನು ಮಾತ್ರ ಬಿಡದೆ ಹಟ ಹಿಡಿದೆ.

ಈಗ ಮೂರು ತಿಂಗಳಾಗಿದೆ. ಮಾಸ್ಕ್ ಹಾಕಿಕೊಂಡ ರಾತ್ರಿ ಒಂದು ಸಲ ಏಳುತ್ತಾರೆ. ಮೂಗು ಒಣಗುತ್ತದೆ ಎಂದು ಹಾಕದೆ ಮಲಗಿದ ರಾತ್ರಿ ಮತ್ತೆ ಮೂರು ಸಲ. ಮೂಗಿನ ತೊಂದರೆಗೂ ದಾರಿ ಇದೆ, ಡಾಕ್ಟರ್‌ಗೆ ಹೇಳಿ ಎಂದು ನೋಟ್‌ಬುಕ್ಕಿನಲ್ಲೇ ಬರೆದುಕೊಟ್ಟೆ. ಹಗಲಿನ ತೂಕಡಿಕೆ ಹೋಗಿದೆ. ಯಜಮಾನರ ಬಗ್ಗೆ ಮಾತಾಡಲು ಶುರು ಮಾಡಿದ್ದಾರೆ. ಆ ದುಃಖ ನಿಜವಾಗಿಯೂ ಇತ್ತು. ನಿದ್ದೆ ಸಿಕ್ಕ ಮೇಲೆ ಅದನ್ನು ಮಾತಾಡುವ ಶಕ್ತಿ ಬಂತು.

ಹೋದ ವಾರ ಸೊಸೆ ಫೋನ್ ಮಾಡಿದ್ದರು. "ನಮ್ಮಪ್ಪನೂ ರಾತ್ರಿ ಏಳ್ತಾರೆ ಮೇಡಂ. ಅವರಿಗೂ ಗೊರಕೆ ಪರೀಕ್ಷೆ ಮಾಡಿಸಲಾ?" ಎಂದು ಕೇಳಿದರು. ಹೇಗೆ ಹೋಗುತ್ತದೆ ಎಂದು ಕೇಳಿದೆ. ತುಂಬಾ ಹೊತ್ತು ನಿಲ್ಲಬೇಕು, ಹನಿ ಹನಿ ಹೋಗುತ್ತದೆ, ನೆಗಡಿ ಮಾತ್ರೆ ನುಂಗಿದ ಮೇಲೆ ಇನ್ನೂ ಕಷ್ಟವಾಗಿದೆ ಎಂದರು. ಅದು ಬೇರೆ ದಾರಿ, ಪ್ರಾಸ್ಟೇಟ್ ಗ್ರಂಥಿ ನೋಡಿಸಬೇಕು ಎಂದೆ. ಕೆಲವು ನೆಗಡಿ ಮಾತ್ರೆಗಳು ಮೂತ್ರ ಕಟ್ಟುವಂತೆ ಮಾಡುತ್ತವೆ, ಇನ್ನೊಂದು ನುಂಗುವ ಮೊದಲು ಡಾಕ್ಟರನ್ನು ಕೇಳಲಿ ಎಂದೆ. ಪೂರ್ತಿ ನಿಂತುಹೋದರೆ, ರಕ್ತ ಕಂಡರೆ, ಉರಿಯ ಜೊತೆ ಚಳಿಜ್ವರ ಬಂದರೆ ಮಾರನೇ ದಿನಕ್ಕೆ ಕಾಯದೆ ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದೂ ಹೇಳಿದೆ. ಅವರಪ್ಪನಿಗೂ ಒಂದು ನೋಟ್‌ಬುಕ್ ತಂದುಕೊಟ್ಟಿದ್ದಾರಂತೆ. ಹೇಗೆ ಬರೆಯಬೇಕು ಎಂದು ಫೋನಿನಲ್ಲಿ ಹೇಳಿಕೊಟ್ಟವರು ಅಮ್ಮ.