ನಡುವೆ ನಿಂತು ಓದಿ ಹೇಳಿದವರು

ಸುದ್ದಿ ಒಬ್ಬರಿಂದ ಒಬ್ಬರಿಗೆ ಮುಟ್ಟುತ್ತಿದ್ದ ಬಗೆಯ ಬಗ್ಗೆ ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಪುಟ ಮೀಸಲು.

ಪ್ರಶ್ನೆ: ಅಶೋಕನ ಕಾಲದಲ್ಲಿ ನಮ್ಮ ಕಡೆ ಓದಲು ಬರುತ್ತಿದ್ದವರೇ ಕಡಿಮೆ ಇರಬೇಕು. ಹಾಗಿದ್ದರೆ ಬಂಡೆಯ ಮೇಲೆ ಬರೆಸಿದ್ದು ಯಾರಿಗಾಗಿ? (ಮಸ್ಕಿ)

ಓದುವವರಿಗಲ್ಲ, ಓದಿ ಹೇಳುವವರಿಗೆ. ಸುಳಿವು ನಿಮ್ಮೂರ ಶಾಸನದ ಕೊನೆಯಲ್ಲೇ ಇದೆ: ‘ಖುದಕೇ ಚ ಉಡಾಲಕೇ ಚ ವತವಿಯಾ’. ಸಣ್ಣವರಿಗೂ ದೊಡ್ಡವರಿಗೂ ಹೇಳತಕ್ಕದ್ದು ಎಂದು ಅದರ ಅರ್ಥ. ಓದತಕ್ಕದ್ದು ಎಂದಿಲ್ಲ. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಇಲ್ಲಿನ ಜನರ ಮನೆಮಾತು ಅದಾಗಿರಲಿಲ್ಲ. ಹಾಗಾಗಿ ಓದುವವನೇ ಅಲ್ಲಿ ನಿಂತು ತಿಳಿಯುವ ಮಾತಿಗೆ ತಿರುಗಿಸಿ ಹೇಳಬೇಕಿತ್ತು.

ಬಳ್ಳಾರಿಯ ಪಕ್ಕದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಈ ಏರ್ಪಾಡು ಇನ್ನೂ ಬಿಡಿಸಿ ಬರೆದಿದೆ. ಅರಸನ ಅಪ್ಪಣೆ ರಾಜೂಕ ಎಂಬ ಅಧಿಕಾರಿಗೆ ಹೋಗಬೇಕು, ಅವನು ಭೇರಿ ಹೊಡೆಸಿ ನಾಡಿನ ಜನಕ್ಕೆ ತಿಳಿಸಬೇಕು. ಅದೇ ಬಂಡೆಯಲ್ಲಿ ಕೆಲವು ಸಾಲುಗಳು ಎಡದಿಂದ ಬಲಕ್ಕೂ ಮತ್ತೆ ಕೆಲವು ಬಲದಿಂದ ಎಡಕ್ಕೂ ಓಡುತ್ತವೆ. ಅಕ್ಷರ ಬಲ್ಲವನೂ ತಡವರಿಸುವಂಥ ಬರಹ ಅದು!

ಭೇರಿಯ ಜಾಗದಲ್ಲಿ ಹಲಗೆ ಬಂದಿದ್ದು ಬಿಟ್ಟರೆ ನಮ್ಮ ಹಳ್ಳಿಗಳ ಡಂಗುರ ಇದೇ ಕ್ರಮದ್ದು. ನಮ್ಮ ಕಡೆ ವಾಲೀಕಾರ ಎನ್ನುತ್ತೇವಲ್ಲ, ಆ ಹೆಸರು ಓಲೆಕಾರ ಎಂಬುದರಿಂದ ಬಂದದ್ದು. ಓಲೆ ಒಯ್ಯುವವನು, ಊರಿಗೆ ಸುದ್ದಿ ಮುಟ್ಟಿಸುವವನು. ಹೇಳುವವರ ಈ ಸಾಲು ಕಡಿದರೆ ಏನಾಗುತ್ತದೆ ಎನ್ನುವುದಕ್ಕೂ ಮಸ್ಕಿಯೇ ಸಾಕ್ಷಿ. ಬ್ರಾಹ್ಮಿಯನ್ನು ಮತ್ತೆ ಓದಲು ಸಾಧ್ಯವಾಗಿದ್ದು 1837ರಲ್ಲಿ, ಜೇಮ್ಸ್ ಪ್ರಿನ್ಸೆಪ್‌ನಿಂದ. ಮಸ್ಕಿಯ ಬಂಡೆ ಕಣ್ಣಿಗೆ ಬಿದ್ದದ್ದು 1915ರಲ್ಲಿ, ಅದೂ ಚಿನ್ನದ ಗಣಿಯ ಎಂಜಿನಿಯರ್ ಬೀಡನ್‌ಗೆ. ಬೇರೆ ಶಾಸನಗಳಲ್ಲಿ ಅರಸನಿಗಿರುವ ‘ದೇವಾನಂಪಿಯ’ (ದೇವರಿಗೆ ಪ್ರಿಯನಾದವನು) ಎಂಬ ಬಿರುದು ಅಶೋಕನದೇ ಎಂಬ ಊಹೆ ಅಲ್ಲಿ ಕೊರೆದಿದ್ದ ಹೆಸರಿನಿಂದ ಗಟ್ಟಿಯಾಯಿತು.

ಪ್ರಶ್ನೆ: ಮುತ್ತಜ್ಜನ ಪೆಟ್ಟಿಗೆಯಲ್ಲಿ ಉರ್ದುವಿನ ಹಳೆಯ ಅರ್ಜಿಯೊಂದು ಸಿಕ್ಕಿದೆ. ತಾರೀಖು ‘17 ಬಹಮನ್ 1345’ ಎಂದಿದೆಯಂತೆ. ಅವರಿಗೆ ಉರ್ದು ಬರುತ್ತಿರಲಿಲ್ಲ. ಇದು ಯಾವ ಇಸವಿ? (ಯಲಬುರ್ಗಾ)

1935ರ ಡಿಸೆಂಬರ್, ಮೂರನೇ ವಾರದ ಆಸುಪಾಸು. ಮುತ್ತಜ್ಜನಿಗೆ ಉರ್ದು ಬರಬೇಕಾಗಿಯೂ ಇರಲಿಲ್ಲ. 1948ರವರೆಗೆ ರಾಯಚೂರು, ಕೊಪ್ಪಳ ನಿಜಾಮರ ಆಡಳಿತದಲ್ಲಿದ್ದವು, ಕಚೇರಿಯ ಭಾಷೆ ಉರ್ದು. ರೈತ ಕನ್ನಡದಲ್ಲಿ ಹೇಳುತ್ತಿದ್ದ, ಅರ್ಜಿ ಬರೆಯುವವನು ಉರ್ದುವಿನಲ್ಲಿ ಇಳಿಸುತ್ತಿದ್ದ, ಕೊನೆಗೆ ಹೆಬ್ಬೆಟ್ಟು. ತಾನು ಹೇಳಿದ್ದೇ ಬರೆದಿದ್ದಾರೋ ಇಲ್ಲವೋ ಎಂದು ನೋಡಲು ಅವನಿಗೆ ದಾರಿ ಇರಲಿಲ್ಲ.

ಲೆಕ್ಕ ಹೀಗೆ. ಇದು ಫಸಲಿ, ಅಂದರೆ ಕಂದಾಯದ ಲೆಕ್ಕದ ವರ್ಷ. ಹೈದರಾಬಾದ್ ಸಂಸ್ಥಾನದಲ್ಲಿ ಅದು ಅಕ್ಟೋಬರ್ ಮೊದಲ ವಾರ, ಆಜರ್ ತಿಂಗಳಿಂದ ಶುರು. ಆಜರ್, ದೈ, ಬಹಮನ್ ಇದ್ದರೆ 590 ಕೂಡಿಸಿ. ಇಸ್ಫಂದಾರ್‌ನಿಂದ ಕೊನೆಯ ಆಬಾನ್‌ವರೆಗಿನ ಒಂಬತ್ತು ತಿಂಗಳಿಗೆ 591. ಬಹಮನ್‌ನ ಕಡೆಯ ಮೂರ್ನಾಲ್ಕು ದಿನ ಮಾತ್ರ ಜನವರಿಯೊಳಕ್ಕೆ ಜಾರುತ್ತವೆ, ಅಲ್ಲಿ ಹುಷಾರು.

ಹೆಚ್ಚಿನವರು ಎಡವುವುದು ಇಸ್ಲಾಮಿ ಪಂಚಾಂಗದ ಹಿಜರಿ ವರ್ಷದಲ್ಲಿ. ಹಿಜರಿ 1345 ಎಂದರೆ 1926–27. ಒಂಬತ್ತು ವರ್ಷ ಆಚೀಚೆ. ಎರಡೂ ಒಂದೇ ಕಾಗದದಲ್ಲಿರುವುದುಂಟು. ಅಂಕಿಯ ಪಕ್ಕ ‘ಫೇ’ ಅಕ್ಷರವಿದ್ದರೆ ಫಸಲಿ, ‘ಹೇ’ ಇದ್ದರೆ ಹಿಜರಿ. ಇನ್ನು ಅಂಕಿ: ಬರಹ ಬಲದಿಂದ ಎಡಕ್ಕೆ ಹೋದರೂ ಅಂಕಿಗಳನ್ನು ಎಡದಿಂದಲೇ ಓದಬೇಕು. ಎರಡಕ್ಕೂ ಮೂರಕ್ಕೂ ಒಂದು ಹಲ್ಲಿನ ವ್ಯತ್ಯಾಸ ಅಷ್ಟೆ. ಏಳು ಇಂಗ್ಲಿಷಿನ ‘ವಿ’ಯಂತೆ, ಎಂಟು ಅದನ್ನು ಬೋರಲು ಹಾಕಿದಂತೆ. ಸೊನ್ನೆ ಬರೀ ಒಂದು ಚುಕ್ಕೆ, ಹಳೆಯ ಕಾಗದದಲ್ಲಿ ಮಸಿಯ ಕಲೆಯೂ ಸೊನ್ನೆಯಂತೆ ಕಾಣುತ್ತದೆ.

ಹಣದ ಮಾತು ಬಂದಿದ್ದರೆ ‘ಹಾಲಿ’ಯೋ ‘ಕಲ್ದಾರ್’ ರೂಪಾಯಿಯೋ ನೋಡಿ. ನಿಜಾಮರ ಹಾಲಿ ಸಿಕ್ಕಾ ಏಳಕ್ಕೆ ಬ್ರಿಟಿಷರ ಕಲ್ದಾರ್ ಆರು. ಹಾಗಾಗಿ 100 ಕಲ್ದಾರ್ ಎಂದರೆ ಹಾಲಿಯಲ್ಲಿ 116 ರೂಪಾಯಿ 10 ಆಣೆ 8 ಪೈ.

ಬಳ್ಳಾರಿ ಕಡೆಯ ಕಾಗದಕ್ಕೆ ಇದೇ ಸೂತ್ರ ಹಚ್ಚಬೇಡಿ. 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವ ತನಕ ಅದು ಮದ್ರಾಸಿನದು. ಅಲ್ಲಿಯೂ ಫಸಲಿ ಇತ್ತು, ಆದರೆ ವರ್ಷ ಶುರುವಾಗುತ್ತಿದ್ದದ್ದು ಜುಲೈ 1ಕ್ಕೆ.

ಪ್ರಶ್ನೆ: ಕೊಪ್ಪಳ ಮೊದಲು ರಾಯಚೂರು ಜಿಲ್ಲೆಯಲ್ಲಿತ್ತು. ಪಿನ್‌ಕೋಡ್ ಮಾತ್ರ ಬಳ್ಳಾರಿಯಂತೆ 583 ಏಕೆ? (ಕೊಪ್ಪಳ)

ಪಿನ್ ಕಂದಾಯ ಜಿಲ್ಲೆಯ ಗಡಿ ನೋಡುವುದಿಲ್ಲ. 1972ರ ಆಗಸ್ಟ್ 15ರಂದು ಬಂದ ಈ ಆರಂಕಿಯಲ್ಲಿ ಮೊದಲ ಮೂರು ಅಂಕಿ ಟಪಾಲು ವಿಂಗಡಿಸುವ ಸೀಮೆಯದು, ಉಳಿದ ಮೂರು ಅಂಚೆ ಕಚೇರಿಯದು. ಟಪಾಲು ರೈಲಿನಲ್ಲಿ ಸಾಗುತ್ತಿದ್ದ ಕಾಲ ಅದು. ಕೊಪ್ಪಳ ಇರುವುದು ಗುಂತಕಲ್–ಬಳ್ಳಾರಿ–ಹೊಸಪೇಟೆ–ಗದಗ ರೈಲುಹಾದಿಯಲ್ಲಿ, ರಾಯಚೂರು ಇರುವುದು ಮುಂಬೈ–ಚೆನ್ನೈ ಹಾದಿಯಲ್ಲಿ. ತಮಾಷೆ ಎಂದರೆ ಟೆಲಿಫೋನಿನವರು ಊರಿನ ಕೋಡ್ ಕೊಡುವಾಗ ಕೊಪ್ಪಳವನ್ನು ರಾಯಚೂರಿನ ಪಕ್ಕ ಕೂರಿಸಿದರು: ರಾಯಚೂರು 08532, ಗಂಗಾವತಿ 08533, ಕೊಪ್ಪಳ 08539, ಬಳ್ಳಾರಿ ಮಾತ್ರ 08392. ಹೊಸಪೇಟೆ 2021ರಲ್ಲಿ ವಿಜಯನಗರ ಜಿಲ್ಲೆಯ ಕೇಂದ್ರವಾದ ಮೇಲೂ ಅದರ ಪಿನ್ 583201 ಹಾಗೇ ಇದೆ. ವಿಳಾಸದಲ್ಲಿ ಜಿಲ್ಲೆಯ ಹೆಸರು ಹಳೆಯದಿದ್ದರೂ ಪಿನ್ ಸರಿಯಿದ್ದರೆ ಪತ್ರ ಸರಿಯಾದ ಕಚೇರಿಗೇ ಹೋಗುತ್ತದೆ. ಪಿನ್ ತಪ್ಪಿದರೆ ದಾರಿ ತಪ್ಪಿ ಸುತ್ತು ಹೊಡೆಯುತ್ತದೆ.

ಪ್ರಶ್ನೆ: ಎಸ್‌ಟಿಡಿ ಬೂತಿನ ಮುಂದೆ ರಾತ್ರಿ 11ಕ್ಕೆ ಸಾಲು ನಿಲ್ಲುತ್ತಿದ್ದರು ಎಂದು ಮನೆಯಲ್ಲಿ ಹೇಳುತ್ತಾರೆ. ಅಷ್ಟು ಹೊತ್ತಲ್ಲಿ ಯಾಕೆ? (ಸಿರುಗುಪ್ಪ)

ಆ ಹೊತ್ತಿಗೆ ಎಸ್‌ಟಿಡಿ, ಅಂದರೆ ಬೇರೆ ಊರಿಗೆ ನೇರವಾಗಿ ಹಚ್ಚುವ ಕರೆಯ ದರ ಕಾಲು ಭಾಗಕ್ಕೆ ಇಳಿಯುತ್ತಿತ್ತು. ಅದಕ್ಕೂ ಹಿಂದಿನದು ಟ್ರಂಕ್ ಕಾಲ್: ಎಕ್ಸ್‌ಚೇಂಜಿಗೆ ನಂಬರ್ ಬರೆಸಿ ಕಾಯಬೇಕು, ಮೂರು ನಿಮಿಷಕ್ಕೊಂದು ಲೆಕ್ಕ. ‘ಪಿಪಿ ಕಾಲ್’ ಎಂದರೆ ಅದೇ ವ್ಯಕ್ತಿ ಫೋನಿಗೆ ಬರಬೇಕು, ಅದಕ್ಕೆ ಹೆಚ್ಚುವರಿ ಹಣ. ಹಳ್ಳಿಗೆ ಆಟೊಮ್ಯಾಟಿಕ್ ಎಕ್ಸ್‌ಚೇಂಜ್ ತಂದದ್ದು 1984ರಲ್ಲಿ ಹುಟ್ಟಿದ ಸಿ-ಡಾಟ್ ಎಂಬ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ. ಅದರ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ನಮ್ಮ ಕಿತ್ತೂರಿನಲ್ಲೇ ಶುರುವಾಯಿತು.

ಬೂತಿನ ಬಿಲ್ಲಿನ ಜಗಳಕ್ಕೂ ಕಾರಣವಿದೆ. ಆಚೆಯವರು ಫೋನ್ ಎತ್ತಿದೊಡನೆ ಎಕ್ಸ್‌ಚೇಂಜಿನಿಂದ ಒಂದು ಸಂಕೇತ ಬಂದರೆ ಮೀಟರ್ ಓಡಲು ಶುರು. ಆ ಸಂಕೇತ ಸಿಗದ ಲೈನಿನಲ್ಲಿ ಯಂತ್ರ ತನ್ನ ಗಡಿಯಾರವನ್ನೇ ನಂಬಬೇಕಿತ್ತು. ಆಗ ರಿಂಗಾದ ಹೊತ್ತೂ ಬಿಲ್ಲಿಗೆ ಸೇರುವ ಸಾಧ್ಯತೆ ಇತ್ತು.

ಊರಿನ ಅರ್ಧ ಗುಟ್ಟು ಬೂತಿನವನಿಗೆ ಗೊತ್ತಿರುತ್ತಿತ್ತು ಎನ್ನುವುದು ಬೇರೆ ಮಾತು. ವಾಲೀಕಾರ, ಅರ್ಜಿ ಬರೆಯುವವನು, ಕಾಗದ ಓದಿ ಹೇಳುವ ಪೋಸ್ಟ್‌ಮ್ಯಾನ್, ಬೂತಿನವನು ಎಲ್ಲ ನಡುವೆ ನಿಂತವರೇ. 2003ರ ಮೇ ತಿಂಗಳಿಂದ ಮೊಬೈಲಿಗೆ ಬರುವ ಕರೆ ಪುಕ್ಕಟೆಯಾದ ಮೇಲೆ ಈ ಸಾಲು ಬೇಗ ಕರಗಿತು.

ಪ್ರಶ್ನೆ: ಅವ್ವನಿಗೆ ಓದು ಬರುವುದಿಲ್ಲ, ವಾಟ್ಸ್‌ಆ್ಯಪ್‌ನಲ್ಲಿ ಮಾತಾಡಿ ಕಳಿಸುತ್ತಾರೆ. ಆ ದನಿ ಕಾಪಿಡುವುದು ಹೇಗೆ? (ಸಿಂಧನೂರು)

ಸ್ಟಾರ್ ಗುರುತು ಹಾಕಿದರೆ ಸಾಲದು, ಚಾಟ್ ಅಳಿಸಿದರೆ ಅದೂ ಹೋಗಬಹುದು. ವಾಯ್ಸ್ ಮೆಸೇಜ್ ಗ್ಯಾಲರಿಯಲ್ಲೂ ಕಾಣುವುದಿಲ್ಲ. ಆಂಡ್ರಾಯ್ಡ್ ಫೋನಿನ ಫೈಲ್ ಮ್ಯಾನೇಜರಿನಲ್ಲಿ ಆಂಡ್ರಾಯ್ಡ್, ಮೀಡಿಯಾ, ನಂತರ ವಾಟ್ಸ್‌ಆ್ಯಪ್‌ನ ಫೋಲ್ಡರ್ ತೆರೆದು ‘ವಾಯ್ಸ್ ನೋಟ್ಸ್’ಗೆ ಹೋಗಿ. ಒಳಗೆ ವಾರಕ್ಕೊಂದು ಫೋಲ್ಡರ್ ಇರುತ್ತದೆ: 202419 ಎಂದರೆ 2024ರ 19ನೇ ವಾರ. ಫೈಲಿನ ಹೆಸರು ‘ಪಿಟಿಟಿ’ ಎಂದು ಶುರುವಾಗಿ ಮುಂದೆ ತಾರೀಖು ಬರುತ್ತದೆ, ಯಾರು ಕಳಿಸಿದ್ದು ಎಂಬುದು ಇರುವುದಿಲ್ಲ. ಆದ್ದರಿಂದ ನಂತರ ಹುಡುಕುವ ಬದಲು, ಬೇಕಾದ ಮೆಸೇಜನ್ನು ಚಾಟಿನಲ್ಲೇ ಒತ್ತಿ ಹಿಡಿದು ‘ಶೇರ್’ ಒತ್ತಿ ಡ್ರೈವ್‌ಗೋ ಇಮೇಲ್‌ಗೋ ಕಳಿಸಿ. ಕೂಡಲೇ ಹೆಸರು ಬದಲಿಸಿ, ಯಾರ ದನಿ, ಯಾವ ಊರು, ಏನು ಸಂದರ್ಭ ಎಂದು ಬರೆಯಿರಿ. ಫೈಲ್ ‘ಓಪಸ್’ ಮಾದರಿಯದು. ಹಳೆಯ ಕಂಪ್ಯೂಟರಿನಲ್ಲಿ ಮಾಮೂಲಿ ಪ್ಲೇಯರ್ ತೆರೆಯದಿದ್ದರೆ ವಿಎಲ್‌ಸಿ ಹಾಕಿಕೊಳ್ಳಿ.