ಮರೆಮಾಚುವ ಮಾಯಾ ಮೇಲಂಗಿಗೆ ಎಷ್ಟು ಬೆಲೆ?

ಪ್ರಶ್ನೆ (ಶಿರಸಿ): ನಾವು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಕಾಲ್ಪನಿಕ ಪಾತ್ರಗಳಾಗಿ, ದಾಳ ಎಸೆದು ಕಥೆ ಕಟ್ಟುವ ಆಟ) 3.5 ಆವೃತ್ತಿ ಆಡುತ್ತೇವೆ. ನಮ್ಮ ಕಥೆ ನಡೆಯುವುದು ಯಾಣದ ಸುತ್ತಲಿನಂಥ ದಟ್ಟ ಕಾಡಿನಲ್ಲಿ. ಕಳ್ಳನ ಪಾತ್ರ ಆಡುವ ಗೆಳೆಯನಿಗೆ ಕಾಡಿನ ಬಣ್ಣಕ್ಕೆ ತಾನಾಗಿ ಹೊಂದಿಕೊಂಡು ಹೈಡ್ ಸ್ಕಿಲ್‌ಗೆ (ಅಡಗುವ ಕೌಶಲಕ್ಕೆ) +10 ಕೊಡುವ ಮೇಲಂಗಿ ಬೇಕಂತೆ. ಒಂದನೇ ಹಂತದ ಮಂತ್ರವೇ ಇಷ್ಟು ಬೋನಸ್ ಕೊಡುತ್ತದೆ, ಹಾಗಾಗಿ 3,000 ಚಿನ್ನದ ನಾಣ್ಯ ಸಾಕು ಅನ್ನುತ್ತಾನೆ. ಒಪ್ಪಬಹುದೇ?

ಉತ್ತರ: ಒಪ್ಪಬೇಡಿ. ಗೆಳೆಯರ ಗುಣಾಕಾರ ಸರಿಯಾಗಿಯೇ ಇದೆ: ಮಂತ್ರದ ಹಂತ 1, ಮಂತ್ರಗಾರನ ಲೆವೆಲ್ 1, ಗುಣಿಸು 2,000, ಮಂತ್ರ ಲೆವೆಲ್‌ಗೆ ಹತ್ತು ನಿಮಿಷ ಇರುವಂಥದ್ದಾದರೆ ಅದರ ಒಂದೂವರೆ ಪಟ್ಟು, ಅಂದರೆ 3,000. ತಪ್ಪಿರುವುದು ಸೂತ್ರದ ಆಯ್ಕೆಯಲ್ಲಿ. ಸ್ಕಿಲ್ ಬೋನಸ್‌ಗೆ ಬೇರೆಯೇ ಲೆಕ್ಕವಿದೆ: ಬೋನಸ್‌ನ ವರ್ಗವನ್ನು (ಅದನ್ನು ಅದರಿಂದಲೇ ಗುಣಿಸಿದ್ದನ್ನು) 100ರಿಂದ ಗುಣಿಸಬೇಕು. ಆಗ +10ಕ್ಕೆ 10,000 ಆಗುತ್ತದೆ. ಎರಡು ಸೂತ್ರ ಎರಡು ಬೆಲೆ ಹೇಳಿದರೆ ನಿಯಮದ ಪುಸ್ತಕದಲ್ಲಿ ಆಗಲೇ ಇರುವ ವಸ್ತುವಿನ ಜೊತೆ ಹೋಲಿಸಿ ನೋಡಿ. ಎಲ್ವನ್‌ಕೈಂಡ್ ಎಂಬ ಮೇಲಂಗಿ ಹೈಡ್‌ಗೆ +5 ಕೊಡುತ್ತದೆ, ಬೆಲೆ 2,500. ಬರೀ 500 ನಾಣ್ಯ ಹೆಚ್ಚಿಗೆ ಕೊಟ್ಟರೆ ಬೋನಸ್ ಇಮ್ಮಡಿ ಸಿಗುವುದಾದರೆ ಹಳೆಯದನ್ನು ಯಾರು ಕೊಳ್ಳುತ್ತಾರೆ?

ವರ್ಗದ ಲೆಕ್ಕ ಇಟ್ಟಿರುವುದಕ್ಕೂ ಕಾರಣವಿದೆ. 4ನೇ ಲೆವೆಲ್ ಪಾತ್ರದ ಒಟ್ಟು ಆಸ್ತಿ 5,400 ಇರಬೇಕೆಂದು ನಿಯಮ ಹೇಳುತ್ತದೆ. 3,000ಕ್ಕೆ ಕೊಟ್ಟರೆ ಆ ಹಂತದಲ್ಲೇ +10 ಕೈಗೆ ಬರುತ್ತದೆ, ಅಡಗಿದವರನ್ನು ಕಾಣಲು ಕಾವಲುಗಾರರು ಎಸೆಯುವ ಸ್ಪಾಟ್ ದಾಳಕ್ಕೆ ಅರ್ಥವೇ ಉಳಿಯುವುದಿಲ್ಲ. 10,000 ಅಂದರೆ 7 ಅಥವಾ 8ನೇ ಲೆವೆಲ್‌ನಲ್ಲಿ ಕೊಳ್ಳುವ ವಸ್ತು.

ಕಾಡಿನಲ್ಲಿ ಮಾತ್ರ ಕೆಲಸ ಮಾಡುತ್ತದೆ ಎಂದು ರಿಯಾಯಿತಿ ಕೇಳಬಹುದು. ಒಂದೇ ಕ್ಲಾಸ್‌ನ (ಕಳ್ಳ, ಮಂತ್ರಗಾರ ಇಂಥ) ಪಾತ್ರಕ್ಕೆ ಮೀಸಲಾದ ವಸ್ತುವಿಗೆ ನಿಯಮದಲ್ಲಿ 30% ಕಡಿತ ಇದೆ. ಜಾಗಕ್ಕೆ ಇಂಥ ಕಡಿತ ಇಲ್ಲ, ಅದು ನಿಮ್ಮ ತೀರ್ಮಾನ. ಕಥೆ ಘಟ್ಟ ಇಳಿದು ಬಯಲಿಗೂ ಕಡಲ ದಂಡೆಗೂ ಹೋಗುವುದಿದ್ದರೆ 7,000ಕ್ಕೆ ಕೊಡಿ. ಇಡೀ ಕಥೆ ಕಾಡಿನಲ್ಲೇ ಮುಗಿಯುವುದಾದರೆ ಒಂದು ನಾಣ್ಯವನ್ನೂ ಬಿಡಬೇಡಿ. ಅಲ್ಲಿ ಆ ಷರತ್ತಿನಿಂದ ಆಟಗಾರನಿಗೆ ಏನೂ ನಷ್ಟವಿಲ್ಲ.

ಅಂದ ಹಾಗೆ, ಬೋನಸ್ ಯಾವ ಬಗೆಯದು ಎಂದು ವಸ್ತುವಿನ ವಿವರದಲ್ಲೇ ಬರೆದಿಡಿ. ಕಾಂಪಿಟೆನ್ಸ್ (ನೈಪುಣ್ಯದ) ಬೋನಸ್ ಅಂತ ಬರೆಯುವುದು ಒಳ್ಳೆಯದು. ಶ್ಯಾಡೋ ಎಂಬ ಮಾಯಾ ಗುಣವಿರುವ ಕವಚ ಹೈಡ್‌ಗೆ ಕೊಡುವ +5 ಕೂಡ ಅದೇ ಬಗೆಯದು, ಒಂದೇ ಬಗೆಯವು ಕೂಡುವುದಿಲ್ಲ, ದೊಡ್ಡದು ಮಾತ್ರ ಲೆಕ್ಕಕ್ಕೆ. ಬಗೆ ಬರೆಯದೆ ಬಿಟ್ಟರೆ ಮುಂದೊಂದು ದಿನ +15 ಆಗಿ ಎದುರು ನಿಲ್ಲುತ್ತದೆ.

ಪ್ರಶ್ನೆ (ಕಾರವಾರ): ಇದೇ 3.5ರಲ್ಲಿ ಹೈಡ್ +5, ಮೂವ್ ಸೈಲೆಂಟ್ಲಿ (ಸದ್ದಿಲ್ಲದೆ ನಡೆಯುವ ಕೌಶಲ) +5 ಎರಡನ್ನೂ ಒಂದೇ ಮೇಲಂಗಿಗೆ ಹಾಕಿದರೆ? ಅದನ್ನು ತೊಟ್ಟು ಬಯಲು ಮರಳಿನಲ್ಲಿ ಅಡಗಬಹುದೇ?

ಉತ್ತರ: ಒಂದಕ್ಕೆ 2,500, ಎರಡನೆಯದಕ್ಕೆ ಒಂದೂವರೆ ಪಟ್ಟು, 3,750. ಒಟ್ಟು 6,250. ಅಡಗಲು ಮೇಲಂಗಿ, ಸದ್ದಡಗಿಸಲು ಬೂಟು ಎಂದು ಬೇರೆ ಬೇರೆ ಕೊಂಡರೆ 5,000ಕ್ಕೇ ಮುಗಿಯುತ್ತದೆ ನಿಜ, ಆದರೆ ಇಲ್ಲಿ ಕಾಲು ಖಾಲಿ ಉಳಿದು ಬೇರೆ ಮಾಯಾ ಬೂಟು ಹಾಕಬಹುದು. ಹೆಚ್ಚಿನ ಹಣ ಅದಕ್ಕೆ. ತಾವೇ ತಯಾರಿಸಿದರೆ ಖರ್ಚು ಅರ್ಧ, 3,125. ಜೊತೆಗೆ 250 ಅನುಭವದ ಅಂಕ ಹೋಗುತ್ತದೆ, ದಿನಕ್ಕೆ ಬೆಲೆಯ 1,000ದಷ್ಟು ಕೆಲಸ ಎಂದರೆ ಏಳನೇ ದಿನ ಕೈಗೆ ಬರುತ್ತದೆ.

ಬಯಲು ಮರಳಿನಲ್ಲಿ ಅಡಗಲು ಆಗುವುದಿಲ್ಲ. ಹೈಡ್‌ಗೆ ಮರೆ ಬೇಕು, ಇಲ್ಲವೇ ಮಂಜು, ಮಬ್ಬುಗತ್ತಲಂಥದ್ದು ಬೇಕು. ಬೋನಸ್ ಎಷ್ಟೇ ಇರಲಿ, ಮೇಲಂಗಿ ಮರೆಯನ್ನು ಹುಟ್ಟಿಸುವುದಿಲ್ಲ. ಗಾಳಿಮರದ ತೋಪು ಸೇರಿದ ಮೇಲೆ ದಾಳ ಎಸೆಯಲಿ. ಅಲ್ಲೂ ಅರ್ಧ ವೇಗ ಮೀರಿದರೆ −5, ಓಡಿದರೆ −20.

ಪ್ರಶ್ನೆ (ಕುಮಟಾ): 5ನೇ ಆವೃತ್ತಿಯಲ್ಲಿ ಇಂಥ ಮೇಲಂಗಿಗೆ ಎಷ್ಟು ಬೆಲೆ?

ಉತ್ತರ: ಅಲ್ಲಿ ಬೆಲೆ ನಿಂತಿರುವುದು ಅಪರೂಪದ ದರ್ಜೆಯ ಮೇಲೆ. ಎಲ್ವನ್‌ಕೈಂಡ್ ಮೇಲಂಗಿ 'ಅನ್‌ಕಾಮನ್'; 2014ರ ನಿಯಮದಲ್ಲಿ 101ರಿಂದ 500, 2024ರದ್ದರಲ್ಲಿ 400. ಇದಕ್ಕೆ ಅಟ್ಯೂನ್‌ಮೆಂಟ್ (ವಸ್ತುವನ್ನು ಪಾತ್ರದೊಂದಿಗೆ ಬೆಸೆಯುವುದು) ಬೇಕು, ಒಬ್ಬರಿಗೆ ಅಂಥವು ಮೂರೇ. ನಿಜವಾದ ಬೆಲೆ ಅದೇ. ನೀವೇ ಅಟ್ಯೂನ್‌ಮೆಂಟ್ ಬೇಡದ ಉಡುಪು ಮಾಡಿದರೆ ಒಂದು ದರ್ಜೆ ಏರಿಸಿ. ಎಲ್ವನ್‌ಕೈಂಡ್ ಮೇಲಂಗಿ ತೊಟ್ಟಾಗ ನೋಡುವವರಿಗೆ ಡಿಸ್‌ಅಡ್ವಾಂಟೇಜ್ (ಎರಡು ದಾಳದಲ್ಲಿ ಚಿಕ್ಕದೇ ಲೆಕ್ಕ) ಇದೆ ಎಂಬುದನ್ನೂ ಪ್ಯಾಸಿವ್ ಪರ್ಸೆಪ್ಶನ್‌ನಲ್ಲಿ (ದಾಳ ಎಸೆಯದೆ ಗಮನಿಸುವ ಅಂಕದಲ್ಲಿ) 5 ಕಳೆದು ಸೇರಿಸಿ: ಕಾವಲುಗಾರನದು 14 ಇದ್ದರೆ 9 ಎಂದು ಲೆಕ್ಕ.