ದೇಶವೇ ಸಾಲಕ್ಕೆ ಕೈಚಾಚಿದ ಮೇಲೆ ಸಂಸತ್ತಿನಲ್ಲಿ ಚರ್ಚೆ ಮಾಡಿ ಏನು ಪ್ರಯೋಜನ?

ನೀವು ಕೇಳಿದ್ದು ಇಷ್ಟು: "ಐಎಂಎಫ್ (ಕಷ್ಟದಲ್ಲಿರುವ ದೇಶಗಳಿಗೆ ಷರತ್ತು ಹಾಕಿ ಸಾಲ ಕೊಡುವ ಅಂತರರಾಷ್ಟ್ರೀಯ ಹಣಕಾಸು ನಿಧಿ) ಬಾಗಿಲಿಗೆ ಬಂದು ಕೂತ ಮೇಲೆ ಸಂಸತ್ತಿನಲ್ಲಿ ಚರ್ಚೆ, ಮತದಾನ ಎಲ್ಲ ಬರೀ ನಾಟಕ ತಾನೆ? ಷರತ್ತು ಬರೆಯುವವರು ಬೇರೆ, ಇವರು ಸಹಿ ಹಾಕಲೇಬೇಕು. ಸರ್ಕಾರವನ್ನು ಹೊಣೆ ಮಾಡಿದ್ದು ಯಾರು? 2010ರಲ್ಲಿ ಐರ್ಲೆಂಡಿನಲ್ಲಿ ಇದ್ದವರು ಯಾರಾದರೂ ಹೇಳಿ."

ನಾನಿದ್ದೆ. 2007ರಲ್ಲಿ ಡಬ್ಲಿನ್‌ಗೆ ಬಂದೆ. ಒಂದು ಕಂಪನಿಯ ಪೇರೋಲ್ ವಿಭಾಗದಲ್ಲಿ ಕೆಲಸ, ಅಂದರೆ ತಿಂಗಳ ಕೊನೆಗೆ ಜನರ ಸಂಬಳದ ಚೀಟಿ ತಯಾರಿಸುವುದು. ಆ ದೇಶದ ಸಂಸತ್ತಿನಲ್ಲಿ ಏನು ತೀರ್ಮಾನವಾದರೂ ಅದರ ಬಿಸಿ ಮೊದಲು ತಟ್ಟುತ್ತಿದ್ದದ್ದು ನನ್ನ ಕಂಪ್ಯೂಟರಿಗೆ. ಹಾಗಾಗಿ ರಾಜಕೀಯದಲ್ಲಿ ಆಸಕ್ತಿಯಿಲ್ಲದ ನಾನೂ ಅವರ ಡಾಲ್‌ನ ಕಲಾಪ ನೋಡಲು ಶುರುಮಾಡಿದೆ. ಡಾಲ್ ಅಂದರೆ ಅಲ್ಲಿನ ಲೋಕಸಭೆ. ಬರೆಯುವುದು ಒಂದು ಥರ, ಉಚ್ಚರಿಸುವುದು ಇನ್ನೊಂದು ಥರ. ಪ್ರಧಾನಿಯನ್ನು ಟೀಶಕ್ ಅನ್ನುತ್ತಾರೆ. ಅದನ್ನು ಸರಿಯಾಗಿ ಹೇಳಲು ನನಗೆ ಒಂದು ವರ್ಷ ಹಿಡಿಯಿತು.

ನಿಮ್ಮ ಮಾತು ಅರ್ಧ ಸರಿ. 2010ರ ಚರ್ಚೆ ನಾಟಕಕ್ಕೆ ಹತ್ತಿರವಾಗಿಯೇ ಇತ್ತು. ಆದರೆ ಅಸಲಿ ತಪ್ಪು ಆಗಿದ್ದು ಅದಕ್ಕೂ ಎರಡು ವರ್ಷ ಮೊದಲು. ಅವತ್ತು ಚರ್ಚೆ ಮಾಡಿದ್ದರೆ ಅದು ಖಂಡಿತ ನಾಟಕ ಆಗುತ್ತಿರಲಿಲ್ಲ.

ಊರಲ್ಲಿ ಸೊಸೈಟಿ ಸಾಲಕ್ಕೆ ಜಾಮೀನು ನಿಂತವರ ಪಾಡು ನೀವೂ ನೋಡಿರುತ್ತೀರಿ. ನನ್ನ ದೊಡ್ಡಪ್ಪ ಹಾಗೆ ನಿಂತಿದ್ದರು. ಸಹಿ ಹಾಕುವ ದಿನ ಮನೆಯಲ್ಲಿ ಯಾರೂ ಚಕಾರ ಎತ್ತಲಿಲ್ಲ. ನಮ್ಮವನೇ, ಕಟ್ಟುತ್ತಾನೆ ಬಿಡು ಅಂದರು. ಕಾಫಿ ಕುಡಿದು ಎದ್ದರು. ಜಗಳ ಹತ್ತಿದ್ದು ಮೂರು ವರ್ಷದ ಮೇಲೆ, ನೋಟಿಸು ಬಂದ ದಿನ. ಐರ್ಲೆಂಡಿನದೂ ಅದೇ ಕಥೆ, ಯೂರೋದಲ್ಲಿ.

2008ರ ಸೆಪ್ಟೆಂಬರ್ 29ರ ರಾತ್ರಿ. ಅಮೆರಿಕದಲ್ಲಿ ಲೇಮನ್ ಬ್ರದರ್ಸ್ ಮುಳುಗಿ ಎರಡು ವಾರ ಆಗಿತ್ತು. ಇಲ್ಲಿ ಆಂಗ್ಲೋ ಐರಿಷ್ ಬ್ಯಾಂಕಿನಲ್ಲಿ ಮರುದಿನಕ್ಕೆ ದುಡ್ಡಿಲ್ಲ. ಮನೆ, ಜಮೀನು, ಬಿಲ್ಡರುಗಳಿಗೆ ಕಣ್ಣುಮುಚ್ಚಿ ಸಾಲ ಕೊಟ್ಟ ಬ್ಯಾಂಕ್ ಅದು. ಟೀಶಕ್ ಬ್ರಯಾನ್ ಕವೆನ್, ಹಣಕಾಸು ಮಂತ್ರಿ ಬ್ರಯಾನ್ ಲೆನಿಹನ್, ಕೇಂದ್ರೀಯ ಬ್ಯಾಂಕಿನ ಗವರ್ನರ್, ಒಂದಷ್ಟು ಅಧಿಕಾರಿಗಳು ಕೂತರು. ಎರಡು ದೊಡ್ಡ ಬ್ಯಾಂಕುಗಳ ಮುಖ್ಯಸ್ಥರೂ ಬಂದರು. ಬೆಳಗಾಗುವುದರೊಳಗೆ ಆರು ಬ್ಯಾಂಕುಗಳ ಎಲ್ಲ ಠೇವಣಿಗಳಿಗೂ, ಆ ಬ್ಯಾಂಕುಗಳು ಬೇರೆಯವರಿಂದ ಪಡೆದ ಹೆಚ್ಚುಕಡಿಮೆ ಎಲ್ಲ ಸಾಲಗಳಿಗೂ ಸರ್ಕಾರವೇ ಎರಡು ವರ್ಷ ಜಾಮೀನು ನಿಂತಿತ್ತು. ಮೊತ್ತ ಸುಮಾರು 440 ಬಿಲಿಯನ್ ಯೂರೋ, ದೇಶದ ಒಂದು ವರ್ಷದ ಒಟ್ಟು ಉತ್ಪನ್ನದ ಎರಡು ಪಟ್ಟಿಗೂ ಮೀರಿದ್ದು. ಉಳಿದ ಮಂತ್ರಿಗಳ ಒಪ್ಪಿಗೆ ಪಡೆದದ್ದು ನಡುರಾತ್ರಿ ಫೋನಿನಲ್ಲಿ.

ಡಾಲ್‌ಗೆ ವಿಷಯ ಬಂದದ್ದು ಘೋಷಣೆಯಾದ ಮೇಲೆ. ಮಸೂದೆ ಅವಸರದಲ್ಲಿ ತಯಾರಾಯಿತು, ಸದನ ತಡರಾತ್ರಿಯವರೆಗೂ ಕೂತಿತು. ಈ ಬ್ಯಾಂಕುಗಳ ಹೊಟ್ಟೆಯೊಳಗೆ ಏನಿದೆ, ಎಷ್ಟು ಸಾಲ ಕೊಳೆತಿದೆ ಎಂಬ ಲೆಕ್ಕ ಯಾರ ಕೈಯಲ್ಲೂ ಇರಲಿಲ್ಲ. ವಿರೋಧ ಪಕ್ಷದಲ್ಲಿದ್ದ ಫಿನ ಗೇಲ್ ಬೆಂಬಲಿಸಿತು, ಶಿನ್ ಫೇನ್ ಕೂಡ ಬೆಂಬಲಿಸಿತು. ವಿರುದ್ಧ ನಿಂತದ್ದು ಲೇಬರ್ ಪಕ್ಷ. ಅವರಿಗೆ ಆಗ ಸಿಕ್ಕ ಬಿರುದು, ದೇಶದ ಕಷ್ಟಕಾಲದಲ್ಲಿ ರಾಜಕೀಯ ಮಾಡುವವರು ಅಂತ. ಜಗತ್ತಿನಲ್ಲೇ ಇಷ್ಟು ಅಗ್ಗದ ಬೇಲ್‌ಔಟ್ (ಮುಳುಗುವವರನ್ನು ಎತ್ತುವ ನೆರವು) ಇನ್ನೊಂದಿಲ್ಲ ಎಂಬರ್ಥದ ಮಾತನ್ನು ಲೆನಿಹನ್ ಆ ಅಕ್ಟೋಬರಿನಲ್ಲಿ ಆಡಿದರು. ನಮ್ಮ ಆಫೀಸಿನಲ್ಲೂ ಎಲ್ಲರೂ ನಿಟ್ಟುಸಿರು ಬಿಟ್ಟಿದ್ದು ನೆನಪಿದೆ. ನಾನೂ ಬಿಟ್ಟೆ, ನನ್ನ ಉಳಿತಾಯ ಇದ್ದದ್ದೂ ಆ ಆರರಲ್ಲಿ ಒಂದರಲ್ಲಿ.

ಆ ಅಗ್ಗದ ಜಾಮೀನಿನ ಬಾಲ ಹಿಡಿದು ಬಂದ ಬ್ಯಾಂಕುಗಳ ಖರ್ಚು ಕೊನೆಗೆ 64 ಬಿಲಿಯನ್ ಯೂರೋ. ನಲವತ್ತೈದು ಲಕ್ಷ ಜನರ ದೇಶ. ಹಸುಗೂಸಿನಿಂದ ಹಿಡಿದು ತಲೆಗೆ ಸುಮಾರು 14,000 ಯೂರೋ, ಆಗಿನ ದರದಲ್ಲಿ ಎಂಟು ಲಕ್ಷ ರೂಪಾಯಿಗೂ ಹೆಚ್ಚು.

ಆಮೇಲಿನ ಎರಡು ವರ್ಷ ಒಂದೊಂದೇ ಕಲ್ಲು ಉದುರಿದ ಹಾಗೆ. ಆಂಗ್ಲೋ ರಾಷ್ಟ್ರೀಕರಣ, ಸಂಬಳ ಕಡಿತ, ಹೊಸ ಲೆವಿ. ಸದನದೊಳಗೆ ಸಿಟ್ಟು ಏರುತ್ತಿತ್ತು. 2009ರ ಡಿಸೆಂಬರಿನಲ್ಲಿ ಆಳುವ ಕೂಟದ ಗ್ರೀನ್ ಪಕ್ಷದ ಸದಸ್ಯರೊಬ್ಬರು, ಅಸಂಸದೀಯ ಪದ ಬಳಸುತ್ತಿದ್ದೇನೆ, ಕ್ಷಮಿಸಿ ಎಂದು ಮೊದಲೇ ಕೇಳಿಕೊಂಡು ಎದುರಿನವರಿಗೆ ಸೊಂಟದ ಕೆಳಗಿನ ಬೈಗುಳ ಬೈದರು. ತಮಾಷೆ ಏನೆಂದರೆ ಸದನದ ನಿಷಿದ್ಧ ಪದಗಳ ಪಟ್ಟಿಯಲ್ಲಿ ಆ ಪದವೇ ಇರಲಿಲ್ಲ! 2010ರ ಸೆಪ್ಟೆಂಬರಿನಲ್ಲಿ ಒಬ್ಬ ಮನುಷ್ಯ ಆಂಗ್ಲೋ ಬ್ಯಾಂಕನ್ನು ವಿಷದ ಬ್ಯಾಂಕ್ ಎಂದು ಜರೆದು ಬರೆದಿದ್ದ ಸಿಮೆಂಟ್ ಲಾರಿಯನ್ನು ತಂದು ಸಂಸತ್ತಿನ ಗೇಟಿಗೇ ನಿಲ್ಲಿಸಿದ.

ಈಗ ನೀವು ಕೇಳಿದ 2010ಕ್ಕೆ ಬರುತ್ತೇನೆ. ನವೆಂಬರ್ ಮಧ್ಯದಲ್ಲಿ ಐಎಂಎಫ್ ಬರುತ್ತಿದೆ ಎಂಬ ಸುದ್ದಿ ಹೊರಗಿನ ಪತ್ರಿಕೆಗಳಲ್ಲೆಲ್ಲ ಇತ್ತು. ಇಲ್ಲಿನ ಮಂತ್ರಿ ಡರ್ಮಟ್ ಅಹರ್ನ್ ಟೀವಿಯಲ್ಲಿ ಅದು ಕಟ್ಟುಕಥೆ ಅಂದರು. ಕೆಲವೇ ದಿನ ಕಳೆದು, 18ನೇ ತಾರೀಕು ಬೆಳಿಗ್ಗೆ, ನಾನು ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ರೇಡಿಯೋ ಕೇಳುತ್ತಿದ್ದೆ. ಕೇಂದ್ರೀಯ ಬ್ಯಾಂಕಿನ ಗವರ್ನರ್ ಪ್ಯಾಟ್ರಿಕ್ ಹೊನೊಹನ್ ಫ್ರಾಂಕ್‌ಫರ್ಟಿನಿಂದ ತಾವೇ ಫೋನ್ ಮಾಡಿ, ಹತ್ತಾರು ಬಿಲಿಯನ್ ಸಾಲ ಬರಬಹುದು ಎಂದು ಶಾಂತವಾಗಿ ಹೇಳಿದರು. ದೇಶ ದಿವಾಳಿಯ ಅಂಚಿನಲ್ಲಿದೆ ಎಂದು ಜನರಿಗೆ ತಿಳಿಸಿದ್ದು ಸರ್ಕಾರವೂ ಅಲ್ಲ, ಡಾಲ್ ಕೂಡ ಅಲ್ಲ, ಬೆಳಗಿನ ರೇಡಿಯೋ. ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ.

ಅದೇ ದಿನ ಐಎಂಎಫ್ ತಂಡದ ಮುಂದಾಳು ಅಜಯ್ ಚೋಪ್ರಾ ಡಬ್ಲಿನ್ ಬೀದಿಯಲ್ಲಿ ಭಿಕ್ಷುಕನೊಬ್ಬನ ಪಕ್ಕ ನಡೆದುಹೋಗುತ್ತಿರುವ ಫೋಟೋ ಎಲ್ಲ ಕಡೆ ಬಂತು. ಪಕ್ಕದ ಮೇಜಿನ ಐರಿಷ್ ಗೆಳತಿ ನನ್ನನ್ನು ನೋಡಿ, "ನಿಮ್ಮವನು ಬಂದಿದ್ದಾನೆ, ಸ್ವಲ್ಪ ಹೇಳಿಕೊಡು" ಅಂದಳು. ನಗು ಬಂತು. 1991ರಲ್ಲಿ ನಾವೂ ಇದೇ ಐಎಂಎಫ್ ಮುಂದೆ ನಿಂತಿದ್ದವರು ಎಂದು ಅವಳಿಗೆ ಹೇಳಿದೆ. ನಮ್ಮ 20 ಟನ್ ಚಿನ್ನ ಆ ವರ್ಷದ ಮೇ ತಿಂಗಳಲ್ಲಿ ಮಾರಾಟಕ್ಕೆ ಹೊರಟಾಗ ಪ್ರಶ್ನೆ ಕೇಳಲು ಲೋಕಸಭೆಯೇ ಇರಲಿಲ್ಲ, ವಿಸರ್ಜನೆಯಾಗಿ ಚುನಾವಣೆ ನಡೆಯುತ್ತಿತ್ತು.

ನವೆಂಬರ್ 28ಕ್ಕೆ ಒಪ್ಪಂದ ಕುದುರಿತು: 85 ಬಿಲಿಯನ್ ಯೂರೋ. ಇದರಲ್ಲಿ 17.5 ಬಿಲಿಯನ್ ಐರ್ಲೆಂಡಿನದೇ ದುಡ್ಡು, ಪಿಂಚಣಿಗೆಂದು ಕೂಡಿಟ್ಟ ನಿಧಿಯಿಂದ ಮತ್ತು ಕೈಯಲ್ಲಿದ್ದ ನಗದಿನಿಂದ. ಉಳಿದದ್ದು ಐಎಂಎಫ್, ಯುರೋಪಿನ ನಿಧಿಗಳು, ಜೊತೆಗೆ ಬ್ರಿಟನ್, ಸ್ವೀಡನ್, ಡೆನ್ಮಾರ್ಕ್. ಸರಾಸರಿ ಬಡ್ಡಿ 5.8 ಶೇಕಡಾ. ಕನಿಷ್ಠ ವೇತನ ಗಂಟೆಗೆ 8.65 ಯೂರೋದಿಂದ 7.65ಕ್ಕೆ ಇಳಿಕೆ. ಆ ವಾರ ಹಿಮ ಬೀಳಲು ಶುರುವಾದದ್ದು ತಿಂಗಳಿಡೀ ಕಾಡಿತು, ಪೈಪುಗಳು ಒಡೆದು ನಲ್ಲಿಯಲ್ಲಿ ನೀರೂ ಇರಲಿಲ್ಲ.

ಡಿಸೆಂಬರ್ 15ರಂದು ಡಾಲ್‌ನಲ್ಲಿ ಮತದಾನ. ಸಾರ್ವಜನಿಕ ಹಣದ ಮೇಲೆ ಹೊರೆ ಹಾಕುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಡಾಲ್ ಒಪ್ಪಿಗೆ ಇಲ್ಲದಿದ್ದರೆ ದೇಶ ಅದಕ್ಕೆ ಬದ್ಧವಲ್ಲ ಎಂದು ಅವರ ಸಂವಿಧಾನದ 29ನೇ ವಿಧಿ ಹೇಳುತ್ತದೆ. ಈ ಸಾಲ ಆ ವಿಧಿಯೊಳಗೆ ಬರುತ್ತದೋ ಇಲ್ಲವೋ ಎಂಬುದೇ ಒಂದು ಜಗಳ. ಕೊನೆಗೆ ಮತಕ್ಕೆ ಹಾಕಿದರು: ಪರ 81, ವಿರುದ್ಧ 75. ಮರುದಿನವೇ ಐಎಂಎಫ್ ಮಂಡಳಿ ಒಪ್ಪಿಗೆ ಕೊಟ್ಟಿತು.

ಆರು ಮತದ ಅಂತರ. ಅದರ ಹಿಂದೆ ಒಂದು ಪುಟ್ಟ ಕಥೆಯಿದೆ, ನನಗೆ ಇಡೀ ಪ್ರಕರಣದಲ್ಲಿ ಅತಿ ಇಷ್ಟವಾದದ್ದು. ಡೊನಿಗಾಲ್ ನೈಋತ್ಯ ಕ್ಷೇತ್ರದ ಸ್ಥಾನ 2009ರ ಜೂನಿನಿಂದ ಖಾಲಿ ಬಿದ್ದಿತ್ತು. ಸೋಲುವ ಭಯಕ್ಕೆ ಸರ್ಕಾರ ಉಪಚುನಾವಣೆ ಮುಂದೂಡುತ್ತಲೇ ಇತ್ತು. ಶಿನ್ ಫೇನ್‌ನ ಪಿಯರ್ಸ್ ಡಾಹರ್ಟಿ ಹೈಕೋರ್ಟಿಗೆ ಹೋದರು, ಈ ವಿಳಂಬ ಸರಿಯಲ್ಲ ಎಂದು 2010ರ ನವೆಂಬರಿನಲ್ಲಿ ತೀರ್ಪು ಬಂತು, ಅದೇ ತಿಂಗಳು 25ಕ್ಕೆ ಚುನಾವಣೆ ನಡೆದು ಅವರೇ ಗೆದ್ದರು. ಬೇಲ್‌ಔಟ್ ಮೇಲೆ ಮತ ಹಾಕುವಾಗ ಅವರು ಸದನದಲ್ಲಿದ್ದರು.

ಇಷ್ಟಾದರೂ ನಿಮ್ಮ "ನಾಟಕ" ಎಂಬ ಮಾತಿಗೆ ಗಟ್ಟಿ ಆಧಾರವೂ ಇದೆ. ಯುರೋಪಿನ ಕೇಂದ್ರೀಯ ಬ್ಯಾಂಕಿನ ಅಧ್ಯಕ್ಷ ಜಾನ್-ಕ್ಲೋಡ್ ತ್ರಿಶೆ ನವೆಂಬರ್ 19ರಂದು ಲೆನಿಹನ್‌ಗೆ ಒಂದು ಪತ್ರ ಬರೆದಿದ್ದರು. ನೆರವು ಕೇಳುತ್ತೇವೆಂದು ಬರೆದುಕೊಡದಿದ್ದರೆ ನಿಮ್ಮ ಬ್ಯಾಂಕುಗಳಿಗೆ ಕೊಡುತ್ತಿರುವ ತುರ್ತು ಹಣಕ್ಕೆ ಮುಂದೆ ಒಪ್ಪಿಗೆ ಇಲ್ಲ ಎಂಬುದು ಅದರ ಸಾರ. ಡಿಸೆಂಬರಿನಲ್ಲಿ ಕೈ ಎತ್ತಿದ ಆ 156 ಜನರ ಮುಂದೆ ಪತ್ರ ಇರಲಿಲ್ಲ. ಅದು ಬಹಿರಂಗವಾದದ್ದು 2014ರಲ್ಲಿ. ತಲೆಗೆ ಬಂದೂಕು ಇಟ್ಟಿದ್ದಾರೆ ಎಂದು ಗೊತ್ತಿಲ್ಲದವರು ಬಂದೂಕಿನ ಬಗ್ಗೆ ಚರ್ಚೆ ಮಾಡುವುದಾದರೂ ಹೇಗೆ?

ಇನ್ನೊಂದು. 2011ರ ನವೆಂಬರಿನಲ್ಲಿ, ಅಷ್ಟರಲ್ಲಿ ಸರ್ಕಾರ ಬದಲಾಗಿತ್ತು, ವ್ಯಾಟ್ ಶೇಕಡಾ 21ರಿಂದ 23ಕ್ಕೆ ಏರುತ್ತದೆ ಎಂಬ ಬಜೆಟ್ ವಿವರ ಬರ್ಲಿನ್‌ನಲ್ಲಿ ಜರ್ಮನ್ ಸಂಸದರ ಕೈಗೆ ಸಿಕ್ಕಿತ್ತು. ಡಬ್ಲಿನ್‌ನ ಸಂಸದರು ಅದನ್ನು ಓದಿದ್ದು ಪತ್ರಿಕೆಯಲ್ಲಿ.

ಸರ್ಕಾರ ಬದಲಾಯಿತು ಅಂದೆನಲ್ಲ, ಜನ ಬಿಡಲಿಲ್ಲ. 2011ರ ಫೆಬ್ರವರಿ 25ರ ಚುನಾವಣೆಯಲ್ಲಿ ಕವೆನ್ ಅವರ ಪಕ್ಷ ಫಿಯನ ಫಾಲ್ ಎಪ್ಪತ್ತು ಚಿಲ್ಲರೆ ಸ್ಥಾನಗಳಿಂದ 20ಕ್ಕೆ ಬಿತ್ತು. ಗ್ರೀನ್ ಪಕ್ಷಕ್ಕೆ ಸೊನ್ನೆ. ಇಡೀ ಡಬ್ಲಿನ್‌ನಲ್ಲಿ ಫಿಯನ ಫಾಲ್‌ಗೆ ಉಳಿದದ್ದು ಲೆನಿಹನ್ ಒಬ್ಬರೇ. ಅವರು ಆಗಲೇ ಕ್ಯಾನ್ಸರಿನಿಂದ ನರಳುತ್ತಿದ್ದರು, ಜೂನಿನಲ್ಲಿ ತೀರಿಕೊಂಡರು. ನನಗೆ ಆ ಚುನಾವಣೆಯಲ್ಲಿ ಓಟಿರಲಿಲ್ಲ. ನನ್ನಂತೆ ಭಾರತದ ಪೌರತ್ವ ಇದ್ದವರಿಗೆ ಸ್ಥಳೀಯ ಚುನಾವಣೆಯಲ್ಲಿ ಮಾತ್ರ ಮತ. ಆದರೆ ಜನವರಿಯಿಂದ ಬಂದ ಹೊಸ ತೆರಿಗೆ, ಯುನಿವರ್ಸಲ್ ಸೋಶಿಯಲ್ ಚಾರ್ಜ್, ನನ್ನ ಚೀಟಿಯಲ್ಲೂ ಕೂತಿತು, ಮೇಲಿನ ಹಂತದಲ್ಲಿ 7 ಶೇಕಡಾ. ಆ ತಿಂಗಳು ಜನ ನನ್ನ ಮೇಜಿನ ಮುಂದೆ ಸಾಲು ನಿಂತು, ಇದೇನಿದು, ತಪ್ಪಾಗಿರಬೇಕು ಎಂದು ಕೇಳುತ್ತಿದ್ದರು. ನಾನು ಅವರಿಗೆ ಡಿಸೆಂಬರಿನ ಬಜೆಟ್ ತೋರಿಸುತ್ತಿದ್ದೆ.

ಹೊಸಬರು ಏನು ಮಾಡಿದರು? ಬ್ಯಾಂಕುಗಳ ಬಾಂಡ್ (ಸಾಲಪತ್ರ) ಕೊಂಡವರೂ ನಷ್ಟ ಹೊರಲಿ ಎಂದು ವಿರೋಧ ಪಕ್ಷದಲ್ಲಿದ್ದಾಗ ಗುಡುಗಿದ್ದ ಮೈಕೆಲ್ ನೂನನ್ ಹಣಕಾಸು ಮಂತ್ರಿಯಾದರು. ಮಾರ್ಚ್ ಕೊನೆಗೆ ಅದನ್ನು ಘೋಷಿಸಲು ಹೊರಟಾಗ, ಹಾಗೆ ಮಾಡಿದರೆ ಡಬ್ಲಿನ್‌ನಲ್ಲಿ ಬಾಂಬ್ ಸಿಡಿಯುತ್ತದೆ ಎಂದು ತ್ರಿಶೆ ಎಚ್ಚರಿಸಿದ್ದಾಗಿ ನೂನನ್ ಆಮೇಲೆ ಹೇಳಿದರು. ತ್ರಿಶೆ ಅದನ್ನು ಒಪ್ಪಲಿಲ್ಲ. ಏನೇ ಇರಲಿ, ಬಾಂಡುದಾರರಿಗೆ ದುಡ್ಡು ಸಂದಾಯವಾಯಿತು. ಕನಿಷ್ಠ ವೇತನವನ್ನು ಮಾತ್ರ ಜುಲೈನಲ್ಲಿ ಮತ್ತೆ 8.65ಕ್ಕೆ ತಂದರು. ಕಾರ್ಕ್ ಕೌಂಟಿಯ ಬ್ಯಾಲಿಹೇ ಎಂಬ ಹಳ್ಳಿಯವರು ಭಾನುವಾರ ಚರ್ಚಿನಿಂದ ಹೊರಬಂದು ಬಾಂಡ್ ಸಾಲದ ವಿರುದ್ಧ ಮೆರವಣಿಗೆ ಮಾಡಲು ಶುರುಮಾಡಿದ್ದೂ ಆ ಮಾರ್ಚಿನಲ್ಲೇ, ಅದನ್ನು ವರ್ಷಗಟ್ಟಲೆ ಬಿಡಲಿಲ್ಲ.

ಸಂಸತ್ತೇ ತನಿಖೆ ಮಾಡಬಾರದೇ ಎಂದು ಕೇಳಬಹುದು. ಅದಕ್ಕೆ ಅಧಿಕಾರ ಕೊಡಲು 2011ರ ಅಕ್ಟೋಬರಿನಲ್ಲಿ ಜನಮತಗಣನೆ ನಡೆಸಿದರು. ಜನವೇ ಬೇಡ ಅಂದರು! ರಾಜಕಾರಣಿಗಳು ನ್ಯಾಯಾಧೀಶರಾಗುವುದು ಅವರಿಗೆ ಹಿಡಿಸಲಿಲ್ಲ. ಹಾಗಾಗಿ ಆಮೇಲೆ ಕೂತ ಸಮಿತಿ ಅರ್ಧ ಹಲ್ಲಿನ ಸಮಿತಿ. ಇಂಥವನೇ ತಪ್ಪಿತಸ್ಥ ಎಂದು ಬೆರಳು ತೋರಿಸುವಂತಿಲ್ಲ. 2016ರ ಜನವರಿಯಲ್ಲಿ ವರದಿ ಬಂತು, ಹನ್ನೊಂದು ಸದಸ್ಯರಲ್ಲಿ ಇಬ್ಬರು ಸಹಿ ಹಾಕಲಿಲ್ಲ. ತ್ರಿಶೆ ಸಮಿತಿಯ ಮುಂದೆ ಬರಲು ಒಪ್ಪದೆ, ಡಬ್ಲಿನ್‌ನ ಕಿಲ್‌ಮೇನಮ್‌ನಲ್ಲಿ ಒಂದು ಕಾರ್ಯಕ್ರಮಕ್ಕೆ ಬಂದರು, ಸಮಿತಿಯವರು ಅಲ್ಲಿಗೇ ಹೋಗಿ ಪ್ರಶ್ನೆ ಕೇಳಬೇಕಾಯಿತು. ಜಾಮೀನಿನ ರಾತ್ರಿ ಯಾರು ಏನು ಹೇಳಿದರು ಎಂಬುದಕ್ಕೆ ಸರಿಯಾದ ನಡಾವಳಿ ಪುಸ್ತಕವೇ ಇರಲಿಲ್ಲ. ಹೇಳಬೇಕಿದ್ದ ಲೆನಿಹನ್ ಬದುಕಿರಲಿಲ್ಲ.

ಡಿಸೆಂಬರ್ 15ರ ಮತದಾನಕ್ಕೆ ನಾನು ಬೆಲೆ ಕೊಡುವುದು ಇದೇ ಕಾರಣಕ್ಕೆ. 440 ಬಿಲಿಯನ್ನಿನ ರಾತ್ರಿಗೆ ಉಳಿದಿರುವುದು ಒಬ್ಬೊಬ್ಬರ ನೆನಪು, ಅದೂ ಒಂದಕ್ಕೊಂದು ತಾಳೆಯಾಗದ್ದು. 85 ಬಿಲಿಯನ್ನಿನ ದಿನಕ್ಕೆ ಮಾತ್ರ ಪ್ರತಿ ಮಾತೂ, ಹೂಂ ಅಂದವರ, ಊಹೂಂ ಅಂದವರ ಹೆಸರೂ ಮುದ್ರಣದಲ್ಲಿದೆ. ಎರಡು ತಿಂಗಳ ಮೇಲೆ ಅದೇ ಜನ ಓಟು ಕೇಳಲು ಬಂದಾಗ ನನ್ನ ಪಕ್ಕದ ಮನೆಯ ಮುದುಕ ಬಾಗಿಲಲ್ಲೇ ನಿಂತು, ನೀನು ಯಾವ ಕಡೆ ಹಾಕಿದೆ ಎಂದು ಕೇಳಿದ್ದನ್ನು ನಾನೇ ನೋಡಿದೆ. ಬಂದವನಿಗೆ ಉತ್ತರ ಕೊಡದೆ ವಿಧಿಯಿರಲಿಲ್ಲ, ಮುದುಕನಿಗೆ ಆಗಲೇ ಗೊತ್ತಿತ್ತು.

ಯಾರಿಗಾದರೂ ಶಿಕ್ಷೆಯಾಯಿತೇ ಎಂದರೆ, ಆಂಗ್ಲೋ ಮುಖ್ಯಸ್ಥನಾಗಿದ್ದ ಡೇವಿಡ್ ಡ್ರಮ್‌ಗೆ 2018ರಲ್ಲಿ ಆರು ವರ್ಷ ಜೈಲು ವಿಧಿಸಿದರು, ಬ್ಯಾಂಕಿನ ಠೇವಣಿಯನ್ನು 7.2 ಬಿಲಿಯನ್ ಯೂರೋ ಉಬ್ಬಿಸಿ ತೋರಿಸಿದ ವಂಚನೆಗೆ. ಐಎಂಎಫ್ ಸಾಲವನ್ನು 2017ಕ್ಕೇ ತೀರಿಸಿದರು, ಯುರೋಪಿನ ನಿಧಿಗಳದ್ದು 2042ರವರೆಗೆ ಇದೆ. ಇನ್ನು ರಾಜಕಾರಣ: 2020ರಲ್ಲಿ ಫಿಯನ ಫಾಲ್ ನಾಯಕ ಮೀಹಾಲ್ ಮಾರ್ಟಿನ್ ಟೀಶಕ್ ಆದರು. 2008ರ ಸೆಪ್ಟೆಂಬರಿನಲ್ಲಿ ಜಾಮೀನು ನಿಂತ ಮಂತ್ರಿಮಂಡಲದಲ್ಲಿ ಅವರು ವಿದೇಶಾಂಗ ಮಂತ್ರಿ.